ಹೆಂಗಸರ ಸ್ನಾನದ ಮನೆಯ ಚಪ್ಪಡಿ

ಸೋಪಿನ ವಾಸನೆ, ಹದಿನೈದು ವರ್ಷ ಬೀಗ ಬಿದ್ದಿದ್ದರೂ ಗೋಡೆಯೊಳಗಿನಿಂದ ಅದೇ ಒರಟು ಬಿಳಿ ಸೋಪಿನ ವಾಸನೆ, ಅದರಡಿಗೆ ಬಿಸಿನೀರ ಬುಗ್ಗೆಯ ಗಂಧಕದ ಕಮಟು — ನೆವೆನಾ ಊರ ಸಾರ್ವಜನಿಕ ಸ್ನಾನದ ಮನೆಯ ಹೊಸ್ತಿಲಲ್ಲೇ ನಿಂತಳು, ಷೂ ಬಿಡಲೇ ಎಂದು ಕಾಲು ತಾನಾಗಿ ತಡೆಯಿತು, ಎಲ್ಲೆಲ್ಲೂ ಸಿಮೆಂಟಿನ ಪುಡಿ, ಕಿತ್ತುಹಾಕಿದ ನಲ್ಲಿಗಳು, ಇಲ್ಲಿ ಈಗ ಯಾರು ಷೂ ಬಿಡುತ್ತಾರೆ, ಆದರೆ ಎಪ್ಪತ್ತು ವರ್ಷದ ಕಾಲಿಗೆ ಅದನ್ನು ಹೇಳುವವರು ಯಾರು. ಬೆಳಿಗ್ಗೆ ಫೋನ್ ಮಾಡಿದ್ದು ರಲಿತ್ಸಾ, ನಗರಸಭೆಯ ಎಂಜಿನಿಯರ್ ಹುಡುಗಿ, ಅಮ್ಮಾ, ಈ ನೆಲ ಹಾಸಿದ್ದು ನಿಮ್ಮಪ್ಪ ಅಂತಲ್ಲ, ಮೇಸ್ತ್ರಿ ಪೆನ್ಕೊ, ಎಲ್ಲ ಚಪ್ಪಡೀನೂ ಸಿಮೆಂಟಲ್ಲಿ ಕೂರ್ಸಿದಾರೆ, ಒಂದು ಮಾತ್ರ ಮರಳಿನ ಮೇಲಿದೆ, ಮಿಕ್ಕಿದ್ದಕ್ಕಿಂತ ಎರಡು ಪಟ್ಟು ದಪ್ಪ, ಎತ್ತೋಕೆ ಮುಂಚೆ ನಿಮ್ಮನ್ನ ಕೇಳೋಣ ಅನ್ನಿಸ್ತು. ಕೇಳುವುದಕ್ಕೇನಿದೆ, ಅಪ್ಪ ಸತ್ತು ಮೂವತ್ತೆರಡು ವರ್ಷವಾಯಿತು, ಬದುಕಿದ್ದಾಗಲೇ ಬಾಯಿ ಬಿಡದವನು — ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು, ಆರಿಸಿದಳೋ ಇಲ್ಲವೋ, ಆರಿಸಿದಳು, ಆರಿಸಿ ಬೀಗ ಹಾಕಿ ಮತ್ತೆ ತೆರೆದು ನೋಡಿ ಬಂದಳಲ್ಲ.

ದಪ್ಪ ಕಲ್ಲು. ಊರಲ್ಲಿ ಅಷ್ಟು ದಪ್ಪದ್ದು ಒಂದೇ ಇತ್ತು, ಚೌಕದ ನಡುವೆ, ಕಂಚಿನ ಸಿಪಾಯಿಯ ಕಾಲಡಿ, ಬಾಲ್ಕನ್ ಯುದ್ಧದಲ್ಲೂ ಆಮೇಲಿನ ದೊಡ್ಡ ಯುದ್ಧದಲ್ಲೂ ಹೋದ ಬ್ರೆಸ್ತನ್ ಊರಿನ ನೂರ ಹನ್ನೆರಡು ಜನರ ಹೆಸರು, ಅವಳು ಬೆರಳಿಟ್ಟು ಅಕ್ಷರ ಕಲಿತದ್ದು ಅದರ ಮೇಲೆಯೇ, ಅಪ್ಪನ ಹೆಗಲೇರಿ. ಏಳು ವರ್ಷವಾಗಿದ್ದಾಗ ಮೇಲಿನಿಂದ ಆಜ್ಞೆ ಬಂತು, ರಾಜನ ಕಾಲದ ಯುದ್ಧ, ರಾಜನ ಲಾಂಛನ, ಇದು ಇರಕೂಡದು, ಸಿಪಾಯಿ ಲಾರಿ ಹತ್ತಿ ಕರಗಲು ಹೋದ, ಕಲ್ಲನ್ನು ಒಡೆಯುವ ಕೆಲಸ ಮೇಸ್ತ್ರಿ ಪೆನ್ಕೊನ ಪಾಲಿಗೆ ಬಂತು. ಮೂರು ಗಾಡಿ ಒಡಕುಕಲ್ಲು ಹೊಳೆಗೆ ಸುರಿದದ್ದನ್ನು ಊರೆಲ್ಲ ಸೇತುವೆ ಮೇಲೆ ನಿಂತು ನೋಡಿತು, ಅವಳೂ ನೋಡಿದಳು, ದೂಳು, ಅಪ್ಪನ ಬೆನ್ನು. ಚೌಕದಲ್ಲಿ ಆಮೇಲೆ ಕೆಂಪು ನಕ್ಷತ್ರದ ಕಂಬ ನಿಂತಿತು, ಕಾಲ ಬದಲಾಗಿ ಆ ಕಂಬವೂ ಬಿತ್ತು, ಉಳಿದದ್ದು ಬರಿಯ ಪೀಠ, ಅದರ ಮೇಲೆ ಹೂಕುಂಡ. ಹೊಸದು ಕಟ್ಟುತ್ತೇವೆ ಎಂದರು ಒಬ್ಬರಾದ ಮೇಲೊಬ್ಬರು ಮೇಯರ್, ಹೆಸರಿನ ಪಟ್ಟಿ ಕೊಡಿ ಎಂದರೆ ಯಾರ ಹತ್ತಿರವೂ ಇಲ್ಲ, ದಫ್ತರ ಯಾವುದೋ ಬೆಂಕಿಗೆ ಹೋಗಿತ್ತು, ಅಲ್ಲೊಂದು ಇಲ್ಲೊಂದು ಮನೆಯವರು ನೆನಪಿನಿಂದ ಬರೆಸಿ ಮೂವತ್ತಾಯಿತು, ಅಲ್ಲಿಗೆ ನಿಂತಿತು.

ಇಲಿಂಕಜ್ಜಿ ಇದ್ದಿದ್ದರೆ ಅವಳೊಬ್ಬಳೇ ಅರ್ಧ ಹೇಳುತ್ತಿದ್ದಳು. ಗೋಡೆಯಾಚೆ ಮನೆ, ಕಪ್ಪು ತಲೆವಸ್ತ್ರ, ಇಪ್ಪತ್ತೆರಡಕ್ಕೇ ವಿಧವೆ, ಗಂಡ ಡೊಯ್ರಾನ್ ಸರೋವರದ ಹತ್ತಿರ ಎಲ್ಲೋ ಮಣ್ಣಾದ, ದೇಹ ಬರಲಿಲ್ಲ, ಕಲ್ಲಿನ ಮೇಲಿನ ಹೆಸರೇ ಅವಳಿಗೆ ಸಮಾಧಿ, ಭಾನುವಾರ ಭಾನುವಾರ ಅದರ ಮುಂದೆ ಮೇಣದಬತ್ತಿ. ಒಡೆದ ಮರುದಿನ ಬೇಲಿಯ ಹತ್ತಿರ ಬಂದು ನಿಂತಳು, ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು, ನನ್ನ ಗಂಡನ್ನ ಎರಡ್ನೇ ಸಲ ಸಾಯಿಸ್ದೆ ಕಣೋ ಪೆನ್ಕೊ, ಮೊದಲ್ನೇ ಸಲ ಸಾಯ್ಸಿದೋರ ಮುಖ ನಾನು ನೋಡಿರ್ಲಿಲ್ಲ. ಅಪ್ಪ ಟೋಪಿ ತೆಗೆದು ನಿಂತೇ ಇದ್ದ. ಆಮೇಲೆ ಶಾಲೆಯಲ್ಲಿ ನೆವೆನಾಗೆ ಕಲ್ಲೊಡಕನ ಮಗಳು ಎಂಬ ಅಡ್ಡಹೆಸರು, ಮದುವೆಗೆ ಕರೆಯದ ಮನೆಗಳು, ಹೊಸ ವೈನಿಗೆ ಯಾರೂ ಬಾರದ ಶರತ್ಕಾಲಗಳು, ಹತ್ತೊಂಬತ್ತಕ್ಕೆ ನೆವೆನಾಳೇ ಕೇಳಿಬಿಟ್ಟಳು, ಯಾಕಪ್ಪಾ ಒಪ್ಕೊಂಡೆ, ಬೇರೆ ಯಾರೋ ಒಡೀತಿದ್ರು, ನಿನ್ನ ಕೈಯೇ ಆಗ್ಬೇಕಿತ್ತಾ. ಉಳಿಗೆ ಸಾಣೆ ಹಿಡಿಯುತ್ತಿದ್ದವನು ತಲೆ ಎತ್ತಲಿಲ್ಲ, ನನಗೆ ಹೇಳಿದ ಕೆಲಸ ಮುಗ್ಸಿದೆ ಮಗಳೇ. ಅಷ್ಟೇ. ಆ ಚಳಿಗಾಲವಿಡೀ ಅವಳು ಅವನೊಂದಿಗೆ ಮಾತಾಡಲಿಲ್ಲ, ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು. ಅವನು ಸತ್ತಾಗ ಸಾವಿನ ಮನೆಯಲ್ಲಿ ಹಂಚುವ ಬೇಯಿಸಿದ ಗೋಧಿ, ಸಕ್ಕರೆ ಉದುರಿಸಿ ದೊಡ್ಡ ಬೋಗುಣಿ ತುಂಬ, ತಿನ್ನಲು ಐದೇ ಜನ, ಉಳಿದದ್ದನ್ನು ಕೋಳಿಗಳಿಗೆ ಹಾಕಿದಳು, ಕೋಳಿಗಳು ತಿನ್ನುವುದನ್ನು ನೋಡುತ್ತ ಅಳು ಬಂತು — ಮುಗಿಸಿದೆ ಎಂದ, ಒಡೆದೆ ಅನ್ನಲಿಲ್ಲ, ಈಗ ಹೊಳೆಯುತ್ತಿದೆ, ಒಮ್ಮೆಯೂ ಅವನ ಬಾಯಲ್ಲಿ ಒಡೆದೆ ಎಂಬ ಮಾತು ಬರಲಿಲ್ಲ.

ಸರಪಳಿ ಬಿಗಿಯಿತು, ರಾಟೆ ಕಿರುಗುಟ್ಟಿತು, ರಲಿತ್ಸಾ ಕೈ ಎತ್ತಿ ಕೆಲಸದವರಿಗೆ ನಿಧಾನ ಎಂದಳು, ಅಮ್ಮಾ ನೀವು ಸ್ವಲ್ಪ ಹಿಂದೆ ಬನ್ನಿ. ಬೇಡ, ಎತ್ತಬೇಡಿ ಎನ್ನಬೇಕೆನಿಸಿತು, ಬರೀ ದಪ್ಪ ಕಲ್ಲಾಗಿದ್ದರೆ, ಗಣಿಯಲ್ಲಿ ಮಿಕ್ಕಿದ್ದಾಗಿದ್ದರೆ, ಇಷ್ಟು ಹೊತ್ತು ಕಟ್ಟಿದ್ದೆಲ್ಲ — ಕಲ್ಲಿನ ಅಂಚು ಎದ್ದಿತು, ಬಿಸಿ ಮಣ್ಣಿನ ಹಬೆ, ಇನ್ನೂ ಎದ್ದಿತು, ಅಡಿಮೈ ಹೊರಗಾಗಿ ಗೋಡೆಗೆ ಒರಗಿ ನಿಂತಿತು, ರಲಿತ್ಸಾ ಅಂಗೈಯಿಂದ ಒದ್ದೆ ಮರಳು ಒರೆಸುತ್ತಾಳೆ, ಒರೆಸುತ್ತ ಓದುತ್ತಾಳೆ, ಗಾಂಚೆವ್ ಕೊಲ್ಯೊ, ಗೆರ್ಗಿನೊವ್ ಮಿಂಚೊ, ಅಮ್ಮಾ, ಒಂದಕ್ಷರ ಮುಕ್ಕಾಗಿಲ್ಲ, ಎಲ್ಲ ಇದಾರೆ, ಎಲ್ಲಾರೂ ಇದಾರೆ. ಕೊಲ್ಯೊ ಗಾಂಚೆವ್, ಇಲಿಂಕಜ್ಜಿಯ ಗಂಡ. ನೆವೆನಾ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಳು, ಎದೆಯೊಳಗೆ ಅರವತ್ತು ವರ್ಷದ ಗಂಟು ಒಂದೊಂದೇ ಎಳೆಯಾಗಿ ಬಿಚ್ಚುತ್ತಿತ್ತು, ನಗುವೋ ಬಿಕ್ಕೋ, ಅಯ್ಯೋ ನನ್ನಪ್ಪ, ಹೊಳೆಗೆ ಸುರಿದದ್ದು ಗಣಿಯ ಬೋಳುಕಲ್ಲು, ನಮ್ಮೆಲ್ಲರನ್ನೂ ಸೇತುವೆ ಮೇಲೆ ನಿಲ್ಲಿಸಿ ನೋಡಿಸಿದೆಯಲ್ಲ, ನನ್ನನ್ನೂ.

ಕಲ್ಲು ಬಚ್ಚಿಡಲು ಅವನಿಗೆ ಆ ವರ್ಷ ಹಾಸುತ್ತಿದ್ದ ಕಾರ್ಖಾನೆಯ ನೆಲವಿತ್ತು, ರೈಲುನಿಲ್ದಾಣದ ನೆಲವಿತ್ತು, ಇಲ್ಲೇ ಗಂಡಸರ ಕಡೆ ಇತ್ತು, ಅಲ್ಲಿ ಬೂಟು ಹಾಕಿಕೊಂಡೇ ನಡುಕೋಣೆಯವರೆಗೆ ಬರುತ್ತಿದ್ದರು. ಹೆಂಗಸರ ಕಡೆಯೇ ಬೇಕಾಯಿತು, ಬರಿಗಾಲಲ್ಲಿ ಬರುವ ಕಡೆ, ವಿಧವೆಯರು, ತಾಯಂದಿರು, ಆಮೇಲೆ ಅವರ ಹೆಣ್ಣುಮಕ್ಕಳು, ಇಲಿಂಕಜ್ಜಿ ಪ್ರತಿ ಶುಕ್ರವಾರ ಇಲ್ಲೇ ನಿಂತು ಬಿಳಿಕೂದಲು ಹಿಂಡುತ್ತಿದ್ದಳು, ಈ ಕಲ್ಲು ಒಂದು ಯಾಕೆ ಹೀಗೆ ಬೆಚ್ಚಗಿರತ್ತೆ ಅಂತೀನಿ, ಬೆಚ್ಚಗಿತ್ತು, ಬುಗ್ಗೆಯ ನೀರು ಕೆಳಗಿನ ಮರಳಿಗೆ ಜಿನುಗುತ್ತಿತ್ತು, ಅವಳ ಒದ್ದೆ ಅಂಗಾಲು, ಅದರ ಕೆಳಗೆ ಗಂಡನ ಹೆಸರು — ಯಾರೋ ಮೇಯರಿಗೆ ಫೋನ್ ಮಾಡುತ್ತಿದ್ದಾರೆ, ಯಾರೋ ಅವಳ ಕೈಗೆ ಕಾಫಿ ಕೊಟ್ಟರು, ಎಲ್ಲರೂ ಕಲ್ಲಿನ ಕಡೆ ನೋಡುತ್ತಿದ್ದಾರೆ, ಕಲ್ಲು ಎದ್ದ ಗುಂಡಿಯ ಕಡೆ ಯಾರೂ ನೋಡುತ್ತಿಲ್ಲ, ಅವಳು ನೋಡಿದಳು, ಮರಳು, ಅರವತ್ತು ವರ್ಷ ಒದ್ದೆಯಾಗಿ ಕಲ್ಲಿನ ಕೆತ್ತನೆಯೊಳಕ್ಕೆ ತುಂಬಿಕೊಂಡಿದ್ದ ಮರಳು, ಕಲ್ಲು ಹೋದರೂ ಹಾಗೇ ನಿಂತಿದೆ, ಹೆಸರುಗಳು ಮೇಲೆದ್ದು, ಬಲದಿಂದ ಎಡಕ್ಕೆ, ತಿರುಗುಮುರುಗು. ಕಾಲಿಡಬೇಡಿ, ಎಂದಳು, ಯಾರೂ ಇದರ ಮೇಲೆ ಕಾಲಿಡಬೇಡಿ. ಕಿಟಕಿಯ ಬಿಸಿಲು ಅಲ್ಲಿಗೆ ಮುಟ್ಟಿತು, ಮರಳಿನಲ್ಲಿ ಎದ್ದ ಹೆಸರುಗಳು, ಅಂಚಿನಿಂದ ಒಣಗಿ ಬಿಳಿಯಾಗುತ್ತ, ಒಂದು ಕಣ ಜಾರಿ, ಇನ್ನೂ ನಿಂತು, ಮರಳಿನಲ್ಲಿ ಎದ್ದ ಹೆಸರುಗಳು, ಮರಳಿನಲ್ಲಿ ಎದ್ದ