ಒತ್ತಿದರೂ ಮೂಡದ ಬೆರಳು

"ಒತ್ತೇ ಮುಂಡೆ, ಸರಿಯಾಗಿ ಒತ್ತು. ಬೆರಳೋ, ಹೆಣದ ಕೊಳ್ಳಿಯೋ?"

ಮುಕುಂದಯ್ಯ ಮಂಜುಶ್ರೀಯ ಹೆಬ್ಬೆರಳನ್ನು ಹಾಜರಿ ಯಂತ್ರದ ಗಾಜಿಗೆ ತಿಕ್ಕಿದ. ಮತ್ತೆ ಕೆಂಪು ದೀಪ. ಗಾಜಿನ ಮೇಲೆ ರಕ್ತದ ಗೀರು ಉಳಿಯಿತು.

ಹೊಸನಗರದ ರಸ್ತೆಗೆ ತಾಗಿದ ಅವನ ಕೋಚಿಂಗ್ ಸೆಂಟರಿನ ಅಂಗಳದಲ್ಲಿ, ಡಾಕ್ಟರ್ ಸೀಟಿನ ನೀಟ್ ಪರೀಕ್ಷೆ ಬರೆಯುವ ಮಕ್ಕಳನ್ನು ಶಿವಮೊಗ್ಗಕ್ಕೆ ಒಯ್ಯುವ ಬಸ್ಸು ಗುರುಗುಡುತ್ತಿತ್ತು. ಮಗಳ ಹಿಂದೆ ಹೂವಮ್ಮ ನಿಂತಿದ್ದಳು. ಬಡಮಕ್ಕಳಿಗೆ ಉಚಿತ ಪಾಠ ಎಂದು ಮುಕುಂದಯ್ಯ ಊರೆಲ್ಲ ಬ್ಯಾನರ್ ಕಟ್ಟಿಸಿದ್ದ. ಬೆಳಿಗ್ಗೆ ಪಾಠ, ಅದರ ಋಣಕ್ಕೆ ಮಧ್ಯಾಹ್ನದಿಂದ ತಾಯಿ ಮಗಳು ಇಬ್ಬರೂ ಅವನ ಕಣದಲ್ಲಿ ಶುಂಠಿಯ ಸಿಪ್ಪೆ ಹೆರೆದು, ಸುಣ್ಣದ ನೀರಿನಲ್ಲಿ ಅದ್ದಿ ಬಿಳುಪು ಮಾಡಬೇಕು. ಆ ಸುಣ್ಣ ಮಂಜುಶ್ರೀಯ ಬೆರಳ ಗೆರೆಗಳನ್ನು ತಿಂದುಹಾಕಿತ್ತು. ತಿಕ್ಕಿದರೆ ಹಿತ್ತಾಳೆ ತಂಬಿಗೆಯ ಚಿತ್ತಾರ ಮೇಲೇಳುವ ಹಾಗೆ ಈ ಗೆರೆಗಳೂ ಏಳಬಹುದೆಂದು ನಿನ್ನೆ ಹೂವಮ್ಮನೇ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದ್ದಳು. ಚರ್ಮ ಸುಲಿದು ಬಂತು. ಅಮ್ಮನಿಗೆ ನೋವಾಗಬಾರದೆಂದು ಮಗಳು ಹಲ್ಲು ಕಚ್ಚಿ ಕೂತಿದ್ದಳು. ಹೂವಮ್ಮನಿಗೆ ಅದನ್ನು ಮರೆಯಲಾಗುತ್ತಿರಲಿಲ್ಲ.

"ಇಲ್ಲೇ ಮೂಡದ ಬೆರಳು ಪರೀಕ್ಷೆ ಬಾಗಿಲಲ್ಲಿ ಮೂಡ್ತದಾ? ಪೊಲೀಸ್ರು ಕಳ್ಳಿ ಅಂತ ಹಿಡ್ಕೊಂಡ್ರೆ ನನ್ನ ಮರ್ಯಾದೆ ನಿಮ್ಮಪ್ಪ ತಂದ್ಕೊಡ್ತಾನಾ? ನಡೀ ಕಣಕ್ಕೆ. ಶುಂಠಿ ಮೂಟೆ ಬಿದ್ದಿದಾವೆ," ಎಂದ ಮುಕುಂದಯ್ಯ.

"ಬೆರಳು ಮೂಡ್ಲಿಲ್ಲ ಅಂದ್ರೆ ಕಾಗದದಲ್ಲಿ ಬರ್ಸ್ಕೊಂಡು ಒಳಗೆ ಬಿಡ್ತಾರೆ ಸಾರ್," ಎಂದಳು ಮಂಜುಶ್ರೀ. "ರೂಲ್ಸಲ್ಲೇ ಇದೆ."

"ನಂಗೇ ರೂಲ್ಸ್ ಹೇಳ್ತೀಯಾ?"

ಏಟು ಮೂಗಿಗೆ ಬಿತ್ತು. ಜಗುಲಿಯಲ್ಲಿದ್ದ ಅವನ ಹೆಂಡತಿ ಹೇಮಾವತಿ, "ಡಾಕ್ಟ್ರಮ್ಮ, ಮೊದ್ಲು ನಿನ್ ರಕ್ತ ನಿಲ್ಸ್ಕೊಳ್ಳಮ್ಮ" ಎಂದಳು. ಬಸ್ಸಿನೊಳಗೆ ಯಾರೋ ನಕ್ಕರು.

ಹೂವಮ್ಮ ಅವನ ಕಾಲು ಹಿಡಿದಳು. "ಅಯ್ಯಾ, ಇವತ್ತೊಂದಿನ ಬಿಡಿ. ಇಬ್ರ ಕೆಲ್ಸನೂ ನಾನೇ ಮಾಡ್ತೀನಿ."

"ನಿನ್ ಮಗ್ಳು ಡಾಕ್ಟ್ರಾದ್ರೆ ನಾನು ಅವ್ಳ ಮುಂದೆ ಅಂಗಿ ಬಿಚ್ಚಿ ಮಲಗ್ಬೇಕೇನೇ, ಬೇವರ್ಸಿ?" ಅವನು ಕಾಲು ಝಾಡಿಸಿದ. ಹಿಮ್ಮಡಿ ಅವಳ ತುಟಿ ಸೀಳಿತು.

ಅಷ್ಟರಲ್ಲಿ ಮಂಜುಶ್ರೀ ಓಡಿ ಬಸ್ಸಿನ ಮೆಟ್ಟಿಲು ಹತ್ತಿದ್ದಳು. ಮುಕುಂದಯ್ಯ ಹಿಂದಿನಿಂದ ಜಡೆಯನ್ನು ಮುಂಗೈಗೆ ಸುತ್ತಿ ಎಳೆದ. ತಲೆ ಬಾಗಿಲ ಕಬ್ಬಿಣಕ್ಕೆ ಬಡಿದ ಸದ್ದಾಯಿತು.

ಹೂವಮ್ಮನಿಗೆ ಆ ಮುಂಗೈಯೊಂದೇ ಕಂಡಿತು. ಎದ್ದವಳೇ ಅದಕ್ಕೆ ಹಲ್ಲು ಊರಿದಳು. ಇಷ್ಟು ವರ್ಷ ಅದೇ ಕೈಗೆ ಅವಳು ತಲೆ ಬಾಗಿಸಿದ್ದಳು. ಚರ್ಮ ಹರಿಯಿತು, ನರ ಹಲ್ಲಿಗೆ ಸಿಕ್ಕಿತು. ಜಡೆ ಹಿಡಿದ ಬೆರಳುಗಳು ಬಿಚ್ಚಿಕೊಂಡವು. ಮಂಜುಶ್ರೀ ಒಳಗೆ ತೆವಳಿದಳು.

"ಏ ಗಣೇಶ, ಗಾಡಿ ಆಫ್ ಮಾಡೋ ಸೂಳೆಮಗ್ನೆ."

ಡ್ರೈವರ್ ಗಣೇಶ್ ಒಮ್ಮೆ ಕನ್ನಡಿ ನೋಡಿದ. ಆಮೇಲೆ ಮುಂದೆ ನೋಡುತ್ತ ಗೇರ್ ಹಾಕಿದ.

ಮುಕುಂದಯ್ಯ ಇನ್ನೊಂದು ಕೈಯಿಂದ ಹೂವಮ್ಮನ ತಲೆಗೆ ಗುದ್ದುತ್ತಿದ್ದ. ಹೇಮಾವತಿ ಓಡಿಬಂದು ಸೌದೆಯಿಂದ ಬೆನ್ನಿಗೆ ಬಾರಿಸಿದಳು. ಒಳಗೆಲ್ಲೋ ಎಲುಬು ಮುರಿಯಿತು. ಬಸ್ಸು ಗೇಟು ದಾಟಿತು, ತಿರುವು ದಾಟಿತು, ಅದರ ಸದ್ದೂ ಅಡಗಿತು.

ಬಾಯಿ ತುಂಬ ರಕ್ತ. ಹೂವಮ್ಮ ಕಚ್ಚಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.