ನೆಲಮಾಳಿಗೆಯ ಆಶ್ರಿತ

ಇದು ನಿಜವಾಗಿ ನಡೆದದ್ದು. ಅನುಮಾನವಿದ್ದರೆ ಅಮೆರಿಕದ ಈರಿ ಊರಿನ ಲೈಬ್ರರಿಯಲ್ಲಿ ವಿಚಾರಿಸಿ. ಪಿಸುಮಾತಿಗೂ ಹುಬ್ಬು ಗಂಟಿಕ್ಕುವ ಆ ಜಾಗದಲ್ಲಿ ಲೊರೇನ್ ಕ್ರೂಪಾ ಮೇಜು ಗುದ್ದಿದ್ದನ್ನು ಯಾರೂ ಮರೆತಿಲ್ಲ.

ಮಾರ್ಚ್ ತಿಂಗಳು, ತೆರಿಗೆ ಫಾರಂ ತುಂಬುವ ಕಾಲ. ಲೈಬ್ರರಿಯಲ್ಲಿ ಪುಕ್ಕಟೆಯಾಗಿ ತುಂಬಿಕೊಡುವವರು ನಿವೃತ್ತ ಮೇಷ್ಟ್ರು ಆಲ್ಡ್ರಿಚ್. ಗಂಟಲು ಸರಿಮಾಡಿಕೊಳ್ಳದೆ ಒಂದು ಮಾತೂ ಆಡದ ಮನುಷ್ಯ.

"ಅಹ್ಹಂ, ಅಹ್ಹಂ... ಮಗನ ವಯಸ್ಸೆಷ್ಟು ಮೇಡಂ?"

"ಇಪ್ಪತ್ತೇಳು. ಅಗೋ, ಅಲ್ಲಿ ಕೂತಿದಾನಲ್ಲ ಡೇರನ್, ಅವನೇ. ಕಾರಲ್ಲಿ ಕರ್ಕೊಂಡು ಬಂದ. ಕಾರೂ ನಂದು, ಪೆಟ್ರೋಲೂ ನಂದು."

"ಓದ್ತಿದಾನಾ?"

"ಟೀವೀಲಿ ಬರೋ ಅಕ್ಷರ ಓದ್ತಾನೆ."

"ಸಂಪಾದನೆ?"

"ಹೋದ ವರ್ಷ ನಾಲ್ಕು ತಿಂಗಳು ಪಿಜ್ಜಾ ಹಂಚಿದ. ಒಂಬತ್ತು ಸಾವಿರ ಡಾಲರ್. ಅಷ್ಟೂ ಹಳೇ ಮೋಟರ್ ಸೈಕಲ್ಲಿಗೆ ಸುರಿದ. ಊಟ, ಬಟ್ಟೆ, ಮಲಗೋಕೆ ಬೆಚ್ಚಗಿನ ನೆಲಮಾಳಿಗೆ, ಎಲ್ಲಾ ನಂದೇ."

"ಹಾಗಾದ್ರೆ ಇವನನ್ನ ನಿಮ್ಮ ಆಶ್ರಿತ ಅಂತ ತೋರಿಸಿ ತೆರಿಗೆ ಇಳಿಸೋ ಹಾಗಿಲ್ಲ. ಓದೋ ಹುಡುಗ ಆಗಿದ್ರೆ ಇಪ್ಪತ್ನಾಲ್ಕು ತುಂಬೋವರೆಗೂ ನಡೀತಿತ್ತು. ಈ ವಯಸ್ಸಿಗೆ ದುಡಿಮೆ ಐದು ಸಾವಿರ ಚಿಲ್ಲರೆ ದಾಟಬಾರದು. ಆಶ್ರಿತ ಇಲ್ಲ ಅಂದ್ಮೇಲೆ ಫಾರಂ ಲೆಕ್ಕದಲ್ಲಿ ನೀವು 'ಮನೆಯ ಯಜಮಾನಿ'ನೂ ಅಲ್ಲ. 'ಒಂಟಿ' ಅಂತ ಗುರುತು ಹಾಕ್ತೀನಿ."

ಮೇಜು ಸದ್ದು ಮಾಡಿದ್ದು ಆಗ. ಗಂಡ ಸ್ಟ್ಯಾನ್ ತೀರಿಕೊಂಡ ಮೇಲೆ ಆ ಮನೆಯನ್ನು ಎತ್ತಿಹಿಡಿದವಳು ಅವಳು. ಸ್ಕೂಲಿನ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬಡಿಸಿ, ಮನೆಗೆ ಬಂದು ನಾನೂರ ಒಂದನೆಯದಕ್ಕೆ ಬೇಯಿಸುವವಳು. ಅವಳು ಯಜಮಾನಿಯಲ್ಲವೆಂದು ಒಂದು ಕಾಗದ ಹೇಳುವುದೇ?

"ನನ್ನ ಫ್ರಿಜ್ ಬಂದು ನೋಡಿ ಸ್ವಾಮೀ. ಒಂಟಿ ಹೆಂಗಸಿನ ಫ್ರಿಜ್ಜಾ ಅದು?" ಎಂದವಳೇ ಸಹಿ ಹಾಕದೆ ಕಾಗದ ಬಾಚಿಕೊಂಡು ಎದ್ದಳು.

ವಾರವಿಡೀ ಕುದಿದಳು. ಪಕ್ಕದ ಮನೆಯವರಿಗೆ, ಅಂಚೆಯವನಿಗೆ, ಚರ್ಚಿನ ಪಾದ್ರಿಗೆ, ಎಲ್ಲರಿಗೂ ಅದೇ ಪುರಾಣ. ಸೋಮವಾರ ಸಂಜೆ ಎಲೆಕೋಸು ಹೆಚ್ಚುತ್ತಿದ್ದಾಗ ಫೋನು ಬಂತು.

"ಅಹ್ಹಂ, ಅಹ್ಹಂ... ನಾನು ಆಲ್ಡ್ರಿಚ್, ಮೇಡಂ. ನಿಯಮ ಮತ್ತೆ ಓದಿದೆ. ದಾರಿ ಇದೆ."

"ಅವತ್ತೇ ಬಡ್ಕೊಂಡೆ ನಾನು."

"ಅವನು ಪೂರಾ ನಿಮ್ಮ ಕೈಕೂಸು ಅಂತ ತೋರಿಸ್ಬೇಕು. ಮಾಂಸ ನೀವೇ ತುಂಡು ಮಾಡಿ ಕೊಡ್ಬೇಕು."

"ಆಯ್ತು."

"ಶೂ ಲೇಸೂ ನೀವೇ ಕಟ್ಬೇಕು. ಅಂಗಳದ ಹಿಮ ಎತ್ತು ಅಂತ ಹೇಳಬಾರ್ದು."

"ಹೇಳಿದ್ರೆ ತಾನೇ ಎಲ್ಲಿ ಎತ್ತುತ್ತಾನೆ?"

"ಕೊನೇದು. ನಲವತ್ತು ತುಂಬೋ ತನಕ ಅವನನ್ನ ಮನೇಲೇ ಇಟ್ಕೋತೀನಿ ಅಂತ ಬರೆದುಕೊಡ್ಬೇಕು."

ಲೊರೇನ್ ಚಾಕು ಕೆಳಗಿಟ್ಟಳು. ಇನ್ನೂ ಹದಿಮೂರು ವರ್ಷ ಒಗೆಯಬೇಕಾದ ಕಾಲುಚೀಲಗಳು ಕಣ್ಣ ಮುಂದೆ ಸಾಲಾಗಿ ನಡೆದುಹೋದವು.

"ಏನ್ರೀ, ತಲೆ ನೆಟ್ಟಗಿದೆಯಾ ನಿಮಗೆ? ಕೈಕಾಲು ಗಟ್ಟಿ ಇರೋ ಗಂಡಸು ಅವನು. ದುಡೀಲಿ. ಬೇರೆ ಮನೆ ಮಾಡ್ಲಿ. ನನ್ನನ್ನ ಒಂಟಿ ಅಂತಲೇ ಬರ್ಕೊಳ್ಳಿ, ದಪ್ಪಕ್ಷರದಲ್ಲಿ ಬರ್ಕೊಳ್ಳಿ."

ಆ ಕಡೆಯ ದನಿ ಈ ಸಲ ಅಹ್ಹಂ ಅನ್ನುವುದನ್ನೇ ಮರೆಯಿತು. "ಬೇರೆ ಮನೆ ಅಂದ್ರೆ... ಈ ತಿಂಗಳೇನಾ ಅಮ್ಮ?"

ಆ ಮಾತು ಒಂದು ಕಿವಿಗೆ ಫೋನಿನಿಂದ ಬಂತು, ಇನ್ನೊಂದಕ್ಕೆ ಮನೆ ಬೆಚ್ಚಗಿಡಲು ಕಾಲಬುಡದಲ್ಲಿದ್ದ ಬಿಸಿಗಾಳಿಯ ಕಿಂಡಿಯಿಂದ. ಕಿಂಡಿಯ ಕೆಳಗೆ ಡೇರನ್ ಮಲಗುವ ನೆಲಮಾಳಿಗೆ. ಲೊರೇನ್ ಮೆಲ್ಲಗೆ ಮಂಡಿಯೂರಿ ಕಿಂಡಿಗೆ ಬಾಯಿಟ್ಟಳು.

"ಈ ತಿಂಗಳೇ, ಡೇರನ್."

ಕೆಳಗೆ ಏನೋ ದಡಾರನೆ ಬಿತ್ತು. ಮೊದಲು ನಕ್ಕವನು ಅವನೇ. ಆಮೇಲೆ ಲೊರೇನ್ ಶುರುಮಾಡಿದಳು. ನೆಲದ ಮೇಲೇ ಕುಕ್ಕರಿಸಿ, ಹೊಟ್ಟೆ ಹಿಡಿದು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ಅಮ್ಮ ತಮಾಷೆಗೆ ಹೇಳಿದ್ದಲ್ಲವೆಂದು ಹೊಳೆದು ಕೆಳಗಿನ ನಗು ನಿಂತ ಮೇಲೂ ಮೇಲಿನದು ನಿಲ್ಲಲಿಲ್ಲ.