ಅಮಾವಾಸ್ಯೆಯ ದಿನ ನೋಡಿದ ಮನೆ

ಯಾದಗಿರಿಯ ಸ್ಟೇಷನ್ ಏರಿಯಾದ ಮನೆ ಬೆಂಕಿಪೊಟ್ಟಣದಷ್ಟಿತ್ತು, ಬಾಡಿಗೆ ಮಾತ್ರ ಆನೆಯಷ್ಟು. ಆದರೆ ಹೊಸ್ತಿಲು ದಾಟಿದರೆ ಆಟೋ, ಓಣಿ ದಾಟಿದರೆ ಆಸ್ಪತ್ರೆ. ಶಹಾಪುರ ರಸ್ತೆಯ ಹೊಸ ಲೇಔಟಿನಲ್ಲಿ ಅರ್ಧ ಬಾಡಿಗೆಗೆ ಮೂರು ಕೋಣೆ, ಅಂಗಳ, ಎದುರಿಗೇ ಬಸ್ ಸ್ಟಾಪು. ಏಳು ತಿಂಗಳ ಬಸುರಿ ಪಂಚಶೀಲಾಳ ಮನಸ್ಸು ಮೊದಲ ಮನೆಯನ್ನೇ ಹಿಡಿದಿತ್ತು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ನೋವು ಕಾಣಿಸಿದ ಕೂಡಲೇ ಆಸ್ಪತ್ರೆ ಮುಟ್ಟಬೇಕೆಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು.

ಗಂಡ ಕಾಂತೇಶ ಗುಮಾಸ್ತ. ತನ್ನಷ್ಟು ಜಾಣ ಇನ್ನೊಬ್ಬನಿಲ್ಲ ಎಂದುಕೊಂಡವನು. ಹೊಸ ಲೇಔಟಿಗೆ ಅವಳನ್ನು ಬೇಕೆಂದೇ ಅಮಾವಾಸ್ಯೆಯ ದಿನ ಕರೆದೊಯ್ದ. ಆ ದಿನ ಬೇರೆ ಯಾರೂ ಮನೆ ನೋಡಲು ಹೊರಡುವುದಿಲ್ಲವಲ್ಲ, ಪೈಪೋಟಿಯೇ ಇರದು! ಬೌದ್ಧರಾದ ಅವರ ಮನೆಯಲ್ಲಿ ತಿಥಿ ನೋಡುವ ರೂಢಿಯೇ ಇರಲಿಲ್ಲ. ಆಟೋ ಎಲ್ಲೂ ನಿಲ್ಲದೆ ಬಂದು ಮುಟ್ಟಿತು.

“ನೋಡು, ಕಣ್ಣ ಮುಚ್ಚಿ ತೆರಿಯೋದ್ರಾಗ ದವಾಖಾನಿ ಮುಟ್ಟತೀವಿ,” ಎಂದ ಕಾಂತೇಶ.

“ಇಷ್ಟ ಛಲೋ ಮನಿ ಯಾಕ ಖಾಲಿ ಬಿದ್ದದ?”

ಅವನು ನಕ್ಕ, ಮನೆ ತೋರಿಸಲು ಬಂದಿದ್ದ ದಲ್ಲಾಳಿ ಕೆಮ್ಮಿದ. ಆ ಕೆಮ್ಮು ಅವಳಿಗೆ ಹಿಡಿಸಲಿಲ್ಲ. ಆದರೂ ಗಂಡನ ಹಿಗ್ಗು ನೋಡಿ ಹೂಂ ಎಂದಳು.

ರಾತ್ರಿ ಹೊತ್ತು ಸಾಮಾನು ತಂದು ಇಳಿಸಿದ ಮರುದಿನ ಕಾಂತೇಶ ಆಫೀಸಿಗೆ ಹೋಗಿದ್ದ. ಎಲ್ಲೋ ಸೈರನ್ ಕೂಗಿತು. ಬೆನ್ನಿಗೇ ನೆಲ ಗುಡುಗಿತು, ಗೋಡೆಯ ಸುಣ್ಣ ಉದುರಿತು. ಪಂಚಶೀಲಾ ಹೆದರಿ ಪಕ್ಕದ ಮನೆಯ ಮುದುಕಿ ಬಸ್ಸಮ್ಮನ ಬಳಿ ಓಡಿದಳು.

“ಗುಡ್ಡದ ಹಿಂದ ಕಲ್ಲಿನ ಕ್ವಾರಿ ಅದಲವ್ವ. ದಿನಾ ಮದ್ದು ಹಾರಸ್ತಾರ.”

“ನಾವು ಮನಿ ನೋಡಾಕ ಬಂದಾಗ ಏನೂ ಕೇಳಿರಲಿಲ್ರಿ.”

“ಯಾವತ್ತ ಬಂದಿದ್ರಿ?”

“ಅಮಾಸಿ ದಿನ.”

“ಅಮಾಸಿಗಿ ಯಾರೂ ಮದ್ದು ಮುಟ್ಟಂಗಿಲ್ಲ, ಕಲ್ಲು ಹೇರೋ ಟಿಪ್ಪರ್ ಹೊರಗ ತಗಿಯಂಗಿಲ್ಲ. ಅಷ್ಟೂ ಗೊತ್ತಿರಲಿಲ್ಲೇನ?”

ತಿಂಗಳಿಗೆ ಒಂದೇ ದಿನ ತಣ್ಣಗಿರುವ ಊರಿಗೆ, ಸರಿಯಾಗಿ ಅದೇ ದಿನ ಬಂದು ಬಲೆಗೆ ಬಿದ್ದಿದ್ದರು. ಗಂಡನ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಎರಡನೆಯ ಸಿಡಿತಕ್ಕೆ ಹೊಟ್ಟೆಯೊಳಗೆ ಹಿಂಡಿದಂತಾಯಿತು. ಸೊಂಟ ಹಿಡಿದು ಅಲ್ಲೇ ಕುಸಿದಳು. ಬಸ್ಸಮ್ಮ ಆಟೋದವನಿಗೆ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದಳು.

“ಈಗ ಬರಾಕ ಆಗಂಗಿಲ್ರಿ ಅಕ್ಕಾ,” ಎಂದ ಅವನು. “ರಸ್ತಾ ತುಂಬ ಕ್ವಾರಿ ಟಿಪ್ಪರ್ ಸಾಲ ಹಿಡದು ನಿಂತಾವ. ಬಸ್ಸೂ ಅದರಾಗ ಸಿಕ್ಕದ. ಹೊತ್ತ ಮುಳುಗಿದ ಮ್ಯಾಲೇ ಹಾದಿ ಬಿಡ್ತದ.”

ಬಸ್ಸಮ್ಮ ಫೋನ್ ಕೆಳಗಿಟ್ಟಳು. ಒಲೆಯ ಮೇಲೆ ನೀರಿಟ್ಟಳು. ಹಳೆಯ ಸೀರೆಯೊಂದನ್ನು ತಂದು ಹರಿಯತೊಡಗಿದಳು.

“ನನಗಿನ್ನೂ ಏಳೇ ತಿಂಗಳ್ರಿ,” ಎಂದಳು ಪಂಚಶೀಲಾ.

“ಆ ಮನ್ಯಾಗ ಮೊದಲಿದ್ದಾಕಿಗೂ ಏಳೇ ತಿಂಗಳಾಗಿತ್ತವ್ವ,” ಎಂದಳು ಬಸ್ಸಮ್ಮ.